ಹಳೆಯ ಡೆಸ್ಕ್‌ಟಾಪಿನ ಫ್ಯಾನ್ ವಿಪರೀತ ಸದ್ದು ಮಾಡುತ್ತಿದೆ: ಎಣ್ಣೆ ಬಿಡಬೇಕೇ, ಬದಲಿಸಬೇಕೇ?

ಪ್ರಶ್ನೆ: ಶಹಾಬಾದಿನ ನಿವೃತ್ತ ಶಿಕ್ಷಕ

ಎಲ್ಲರಿಗೂ ಶರಣು.

2009ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ನನ್ನಲ್ಲಿದೆ. ಕೋರ್ 2 ಡ್ಯುಯೋ ಇ7400 ಪ್ರೊಸೆಸರ್, 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಇಂದಿನವರೆಗೆ ಕೀಲಿಮಣೆ ಮತ್ತು ಮೌಸ್ ಬಿಟ್ಟರೆ ಬೇರೆ ಏನನ್ನೂ ಬದಲಿಸಿಲ್ಲ. ನಿವೃತ್ತಿಯ ನಂತರ ಈ ಯಂತ್ರದಲ್ಲಿ ನಾನು ಮಾಡುತ್ತಿರುವುದು ಒಂದೇ ಕೆಲಸ. ನಮ್ಮ ಸುತ್ತಲಿನ ಹಳ್ಳಿಗಳ ಭಜನಾ ಮೇಳಗಳಲ್ಲಿ ಹಿರಿಯರು ಹಾಡುವ ತತ್ವಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದು, ಮನೆಯಲ್ಲಿ ಕುಳಿತು ಮತ್ತೆ ಮತ್ತೆ ಕೇಳಿ, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಇಡುತ್ತಿದ್ದೇನೆ. ಹಾಡಿದವರಲ್ಲಿ ಕೆಲವರು ಈಗ ನಮ್ಮ ನಡುವೆ ಇಲ್ಲ, ಆದ್ದರಿಂದ ಕೇಳಿಸದ ಒಂದು ಪದವನ್ನು ಮತ್ತೆ ಹೋಗಿ ಕೇಳಿ ಬರುವ ದಾರಿಯೂ ಉಳಿದಿಲ್ಲ.

ತೊಂದರೆ ಇರುವುದು ಸದ್ದಿನಲ್ಲಿ. ಸಂಕ್ರಾಂತಿಯ ಹೊತ್ತಿಗೆ ಶುರುವಾಯಿತು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಒಣಗಿದ ಬಂಡಿ ಗಾಲಿ ತಿರುಗಿದಂತೆ ಕರ್ ಕರ್ ಎಂಬ ಸದ್ದು ಬರುತ್ತಿತ್ತು, ಐದಾರು ನಿಮಿಷಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತಿತ್ತು. ಯುಗಾದಿ ಕಳೆದ ಮೇಲೆ ಇನ್ನೊಂದು ಬಗೆಯ ಸದ್ದು ಸೇರಿಕೊಂಡಿದೆ. ಮಧ್ಯಾಹ್ನ ಹನ್ನೆರಡರ ನಂತರ ಬಿರುಗಾಳಿ ಬೀಸಿದಂತೆ ಒಂದೇ ಸಮನೆ ಭೋರ್ಗರೆಯುತ್ತದೆ, ಸಂಜೆಯವರೆಗೂ ಇಳಿಯುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡರೂ ಏಕತಾರಿಯ ಶ್ರುತಿ ಮತ್ತು ಹಾಡುವವರ ಮೆಲುದನಿ ಆ ಸದ್ದಿನಲ್ಲಿ ಕಲಸಿಹೋಗುತ್ತವೆ.

ಕಲಬುರಗಿಯ ಒಂದು ಅಂಗಡಿಗೆ ಒಯ್ದಿದ್ದೆ. ಗಾಳಿ ಹೊಡೆದು ಧೂಳು ತೆಗೆದುಕೊಟ್ಟರು. ಎರಡು ದಿನ ತುಸು ಕಡಿಮೆ ಎನ್ನಿಸಿ ಮತ್ತೆ ಮೊದಲಿನಂತೆಯೇ ಆಯಿತು. ಎರಡನೆಯ ಸಲ ಹೋದಾಗ, ಇದು ತೀರ ಹಳೆಯದು, ಹೊಸದನ್ನು ಕೊಳ್ಳಿರಿ ಎಂದರು. ಕೆಲಸ ಮಾಡುತ್ತಿರುವ ಯಂತ್ರವನ್ನು ಒಂದು ಫ್ಯಾನಿನ ಸದ್ದಿಗಾಗಿ ಬಿಸಾಡಲು ನನಗೆ ಮನಸ್ಸಿಲ್ಲ. ನಮ್ಮ ಮನೆ ಕಲ್ಲು ಕೊಯ್ಯುವ ಘಟಕಗಳಿಗೆ ಹತ್ತಿರ ಇರುವುದರಿಂದ ಬೂದು ಬಣ್ಣದ ಸಣ್ಣ ಪುಡಿ ಎಷ್ಟು ಒರೆಸಿದರೂ ಬಂದು ಕೂರುತ್ತದೆ ಎಂಬುದನ್ನೂ ಹೇಳಬೇಕು.

ಸದ್ದು ಮಾಡುತ್ತಿರುವ ಫ್ಯಾನ್ ಯಾವುದೆಂದು ಕಂಡುಹಿಡಿಯುವುದು ಹೇಗೆ? ಎಣ್ಣೆ ಬಿಟ್ಟರೆ ಸರಿಹೋಗುತ್ತದೆಯೇ? ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ, ಕೈ ಇನ್ನೂ ನಡುಗುವುದಿಲ್ಲ. ತಿಳಿದವರು ದಯವಿಟ್ಟು ಹೇಳಿರಿ.


ಉತ್ತರ 1: ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು

ಶರಣು ಗುರುಗಳೇ.

ಎಲ್ಲಕ್ಕಿಂತ ಮೊದಲು, ಕ್ಯಾಬಿನೆಟ್ಟಿನ ಒಂದು ಸ್ಕ್ರೂ ಬಿಚ್ಚುವ ಮುನ್ನವೇ, ನಿಮ್ಮ ಧ್ವನಿಮುದ್ರಣಗಳನ್ನೂ ಬೆರಳಚ್ಚಿನ ಕಡತಗಳನ್ನೂ ಒಂದು ಪೆನ್ ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ನಕಲು ಮಾಡಿಕೊಳ್ಳಿರಿ, ಸಾಧ್ಯವಾದರೆ ಎರಡು ಕಡೆ. ಫ್ಯಾನ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಇಷ್ಟು ವರ್ಷ ದುಡಿದ ಹಾರ್ಡ್ ಡಿಸ್ಕ್ ಮಾತ್ರ ಯಾವ ದಿನ ಕೈಕೊಡುತ್ತದೆ ಎಂದು ಯಾರೂ ಹೇಳಲಾರರು. ಸದ್ದಿನ ಯಂತ್ರಗಳನ್ನು ನನ್ನ ಬಳಿಗೆ ತಂದವರಲ್ಲಿ ಕೆಲವರು ಫ್ಯಾನಿನ ಸದ್ದು ಎಂದುಕೊಂಡಿದ್ದು ವಾಸ್ತವದಲ್ಲಿ ಹಾರ್ಡ್ ಡಿಸ್ಕಿನ ಸದ್ದಾಗಿತ್ತು. ಅದು ಕಡತ ತೆರೆಯುವಾಗ ಟಕ್ ಟಕ್ ಎಂದು ಬಿಟ್ಟು ಬಿಟ್ಟು ಬರುತ್ತದೆ. ನೀವು ಬರೆದ ಲಕ್ಷಣ ಹಾಗಿಲ್ಲ, ಆದರೂ ನಕಲು ಮೊದಲಾಗಲಿ.

ನಿಮ್ಮ ಬರಹದಲ್ಲೇ ಅರ್ಧ ಉತ್ತರ ಇದೆ. ನೀವು ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದೀರಿ, ಅವು ಎರಡು ಬೇರೆ ಕಾಯಿಲೆಗಳು. ಚಳಿಯ ಬೆಳಿಗ್ಗೆ ಕರ್ ಎಂದು ಶುರುವಾಗಿ ಬಿಸಿಯಾದ ಮೇಲೆ ಇಳಿಯುವ ಸದ್ದು ಬೇರಿಂಗಿನದು. ಒಳಗಿನ ಎಣ್ಣೆ ಆರಿ, ಅಂಟಿನಂತೆ ದಪ್ಪಗಾಗಿರುತ್ತದೆ. ತಿರುಗುತ್ತ ಬಿಸಿಯಾದಾಗ ಉಳಿದ ಚೂರು ಎಣ್ಣೆ ತೆಳುವಾಗಿ ಹರಿದು ಶಾಫ್ಟಿಗೆ ಸಿಗುತ್ತದೆ, ಆಗ ಸದ್ದು ಅಡಗುತ್ತದೆ. ಮಧ್ಯಾಹ್ನದ ಭೋರ್ಗರೆತ ಬೇರಿಂಗಿನದಲ್ಲ, ಗಾಳಿಯದು. ಪ್ರೊಸೆಸರ್ ಬಿಸಿಯಾದಂತೆ ಮದರ್‌ಬೋರ್ಡ್ ಅದರ ಫ್ಯಾನಿನ ವೇಗ ಏರಿಸುತ್ತದೆ. ವೇಗ ಇಮ್ಮಡಿಯಾದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬಲ್ ಹೆಚ್ಚುತ್ತದೆ, ನಮ್ಮ ಕಿವಿಗೆ ಅದು ಎರಡು ಪಟ್ಟಿಗಿಂತಲೂ ಜೋರಾಗಿ ಕೇಳಿಸುತ್ತದೆ. ನಮ್ಮ ಬೀದರ್ ಎತ್ತರದಲ್ಲಿದೆ, ತುಸು ತಂಪು. ನಿಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿ, ಕೋಣೆಯ ಒಳಗೇ 37, 38 ಇದ್ದರೆ, ಫ್ಯಾನ್ ಊದುವುದೂ ಅದೇ ಬಿಸಿ ಗಾಳಿಯನ್ನು. ಪ್ರೊಸೆಸರಿನ ಬಿಸಿಯನ್ನು ಹೀರಿಕೊಳ್ಳುವ ಲೋಹದ ಪಟ್ಟಿಗಳ ಭಾಗ, ಅಂದರೆ ಹೀಟ್ ಸಿಂಕ್, ಎಷ್ಟೇ ಚೆನ್ನಾಗಿದ್ದರೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು.

ಈಗ ಫ್ಯಾನ್ ಹುಡುಕುವ ಬಗೆ. ನಿಮ್ಮಂಥ ಯಂತ್ರದಲ್ಲಿ ಸಾಮಾನ್ಯವಾಗಿ ಮೂರು ಫ್ಯಾನ್ ಇರುತ್ತವೆ: ಪ್ರೊಸೆಸರ್ ಮೇಲೊಂದು, ಕ್ಯಾಬಿನೆಟ್ಟಿನ ಹಿಂಬದಿಗೊಂದು, ಯಂತ್ರಕ್ಕೆ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್ ಡಬ್ಬಿಯೊಳಗೊಂದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರದು ನಾಲ್ಕನೆಯದು. ಪಕ್ಕದ ತಗಡು ಬಿಚ್ಚಿ, ಯಂತ್ರವನ್ನು ಮೇಜಿನ ಮೇಲಿಟ್ಟು ಹಚ್ಚಿರಿ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಫ್ಯಾನಿಗೆ ತಾಗದಂತೆ ಹತ್ತಿರ ಹಿಡಿದರೆ ಸದ್ದಿನ ಮೂಲ ಗೊತ್ತಾಗುತ್ತದೆ. ಇನ್ನೂ ಅನುಮಾನ ಉಳಿದರೆ ಪೆನ್ಸಿಲಿನ ರಬ್ಬರ್ ತುದಿಯಿಂದ ಫ್ಯಾನಿನ ನಡುವಿನ ಗುಂಡನೆಯ ಭಾಗವನ್ನು ಮೆಲ್ಲಗೆ ಒತ್ತಿ ಎರಡು ಮೂರು ಸೆಕೆಂಡು ಮಾತ್ರ ನಿಲ್ಲಿಸಿ ನೋಡಬಹುದು. ರೆಕ್ಕೆಗಳಿಗೆ ಬೆರಳನ್ನಾಗಲಿ ಕಡ್ಡಿಯನ್ನಾಗಲಿ ಒಡ್ಡಬೇಡಿರಿ. ಹಿಂಬದಿಯ ಫ್ಯಾನ್ ಆದರೆ ಯಂತ್ರ ಆರಿಸಿ ಅದರ ಕನೆಕ್ಟರ್ ಕಳಚಿ ಮತ್ತೆ ಹಚ್ಚಿ ಕೇಳುವುದೇ ಲೇಸು. ಪ್ರೊಸೆಸರ್ ಫ್ಯಾನನ್ನು ಮಾತ್ರ ಹಾಗೆ ಕಳಚಿ ಓಡಿಸಬಾರದು. ಎಸ್‌ಎಂಪಿಎಸ್ ಫ್ಯಾನನ್ನು ಹೊರಗಿನಿಂದ ಕೇಳಬೇಕೇ ಹೊರತು ಜಾಲರಿಯ ಒಳಗೆ ಏನನ್ನೂ ತೂರಿಸಬಾರದು.

ಆಮೇಲೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಪ್ರತಿ ಫ್ಯಾನನ್ನೂ ಬೆರಳಿನಿಂದ ಒಮ್ಮೆ ತಿರುಗಿಸಿ ಬಿಡಿರಿ. ಬೇರಿಂಗ್ ಚೆನ್ನಾಗಿದ್ದರೆ ಕೆಲವು ಸುತ್ತು ಹೊಡೆದು ಮೆಲ್ಲಗೆ ನಿಲ್ಲುತ್ತದೆ, ಆರಿದ್ದರೆ ಅರ್ಧ ಸುತ್ತಿನಲ್ಲೇ ತಡೆದು ನಿಲ್ಲುತ್ತದೆ. ನಡುವಿನ ಭಾಗವನ್ನು ಅತ್ತಿತ್ತ ಅಲುಗಿಸಿದಾಗ ಲಟಲಟ ಎಂದರೆ ಬೇರಿಂಗ್ ಸವೆದಿದೆ ಎಂದರ್ಥ.

ಕೊನೆಯದಾಗಿ, ಯಂತ್ರ ಹಚ್ಚುವಾಗ ಡಿಲೀಟ್ ಕೀ ಒತ್ತಿ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಯಾದ ಬಯಾಸ್ ಒಳಗೆ ಹೋದರೆ ಹಾರ್ಡ್‌ವೇರ್ ಮಾನಿಟರ್ ಅಥವಾ ಪಿಸಿ ಹೆಲ್ತ್ ಎಂಬ ಪುಟದಲ್ಲಿ ಪ್ರೊಸೆಸರಿನ ಉಷ್ಣತೆಯೂ ಫ್ಯಾನಿನ ವೇಗವೂ ಕಾಣುತ್ತವೆ. ಮಧ್ಯಾಹ್ನದ ಹೊತ್ತಿನಲ್ಲಿ ಆ ಎರಡು ಅಂಕಿಗಳನ್ನು ಬರೆದುಕೊಂಡು ಇಲ್ಲಿ ತಿಳಿಸಿರಿ.


ಶಹಾಬಾದಿನ ನಿವೃತ್ತ ಶಿಕ್ಷಕ

ನಕಲು ಮಾಡಿಕೊಂಡೆ, ಒಂದು ಪ್ರತಿ ಮಗಳ ಮನೆಯಲ್ಲಿದೆ.

ನೀವು ಹೇಳಿದಂತೆ ನೋಡಿದಾಗ ಕರ್ ಎನ್ನುವುದು ಹಿಂಬದಿಯ ಫ್ಯಾನ್ ಎಂದು ಖಚಿತವಾಯಿತು. ಕನೆಕ್ಟರ್ ಕಳಚಿ ಹಚ್ಚಿದ ಮರುಬೆಳಿಗ್ಗೆ ಆ ಸದ್ದೇ ಇರಲಿಲ್ಲ. ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತದೆ, ಆದರೆ ಲಟಲಟ ಎನ್ನುವುದಿಲ್ಲ. ಚೌಕದ ಒಂದು ಬದಿ ಅಳೆದರೆ 80 ಮಿಲಿಮೀಟರ್ ಬರುತ್ತದೆ.

ಮಧ್ಯಾಹ್ನದ ಸದ್ದು ಪ್ರೊಸೆಸರ್ ಫ್ಯಾನಿನದು. ಬಯಾಸ್‌ನಲ್ಲಿ ಉಷ್ಣತೆ 71 ಡಿಗ್ರಿ, ವೇಗ ನಿಮಿಷಕ್ಕೆ 2,700 ಸುತ್ತು ಎಂದು ತೋರಿಸುತ್ತದೆ. ಬ್ಯಾಟರಿ ಹಚ್ಚಿ ರೆಕ್ಕೆಗಳ ಸಂದಿಯಿಂದ ಇಣುಕಿದಾಗ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳೇ ಕಾಣಲಿಲ್ಲ. ಕಂಬಳಿಯ ತುಣುಕೊಂದನ್ನು ಹಾಸಿದಂತೆ ಬೂದು ಬಣ್ಣದ ಪದರ ಕಾಣಿಸಿತು. ಅಂಗಡಿಯಲ್ಲಿ ಗಾಳಿ ಹೊಡೆದ ಮೇಲೂ ಇದು ಹೇಗೆ ಉಳಿಯಿತು ಎಂಬುದು ತಿಳಿಯಲಿಲ್ಲ.


ಉತ್ತರ 2: ಯಾದಗಿರಿಯಲ್ಲಿ ಡಿಟಿಪಿ ಅಂಗಡಿ ನಡೆಸುವವಳು

ನಮಸ್ಕಾರ ಸರ್.

ಎಣ್ಣೆಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಒಂದು ತಪ್ಪನ್ನು ನಾನು ಮಾಡಿದ್ದೇನೆ, ನೀವು ಮಾಡಬಾರದು. ಎರಡು ವರ್ಷದ ಹಿಂದೆ ಅಂಗಡಿಯ ಕಂಪ್ಯೂಟರಿನ ಫ್ಯಾನ್ ಹೀಗೆಯೇ ಕರ್ ಎನ್ನುತ್ತಿತ್ತು. ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನು ಬಿಟ್ಟೆ. ಅಂದು ಸದ್ದು ಪೂರ್ತಿ ನಿಂತಿತು, ನನಗೆ ಸಮಾಧಾನವೂ ಆಯಿತು. ಡಿಸೆಂಬರ್ ಚಳಿಯಲ್ಲಿ ಒಂದು ಬೆಳಿಗ್ಗೆ ಫ್ಯಾನ್ ತಿರುಗಲೇ ಇಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂಬುದು ಅಡುಗೆಮನೆಯಲ್ಲಿ ನನಗೆ ಗೊತ್ತಿದ್ದ ವಿಷಯವೇ ಆಗಿತ್ತು, ಅಂಗಡಿಯಲ್ಲಿ ನೆನಪಾಗಲಿಲ್ಲ. ಮದುವೆ ಕರೆಯೋಲೆಯ ಪುಟವೊಂದು ಅರ್ಧಕ್ಕೆ ನಿಂತು ಯಂತ್ರ ತಾನಾಗಿಯೇ ಆರಿಹೋಯಿತು, ಮಾಡಿದ ಕೆಲಸ ಹೋಯಿತು.

ಅಡುಗೆಗೆ ಬಳಸುವ ಯಾವ ಎಣ್ಣೆಯನ್ನೂ ಹಾಕಬೇಡಿರಿ, ಬಿಸಿಗೆ ಅದು ಅಂಟಾಗುತ್ತದೆ. ಡಬ್ಬಿಯಿಂದ ಚಿಮ್ಮಿಸುವ ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ. ಅದರಲ್ಲಿ ಬಹುಪಾಲು ಆರಿಹೋಗುವ ದ್ರಾವಣವೇ ಇರುವುದರಿಂದ ಒಳಗೆ ಉಳಿದಿದ್ದ ಒಳ್ಳೆಯ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿದ್ದು ಇದಕ್ಕೆ ಒಪ್ಪುತ್ತದೆ. ಎರಡೇ ಎರಡು ಹನಿ. ಹೆಚ್ಚಾದರೆ ಹೊರಗೆ ಚೆಲ್ಲಿ ಧೂಳನ್ನು ಹಿಡಿದುಕೊಳ್ಳುತ್ತದೆ. ನನ್ನ ಅಂಗಡಿಯ ಹಿಂದೆ ಹತ್ತಿ ಜಿನ್ನಿಂಗ್ ಮಿಲ್ ಇದೆ, ಎಣ್ಣೆ ಚೆಲ್ಲಿದ ಫ್ಯಾನಿನ ಮೇಲೆ ಹತ್ತಿಯ ಎಳೆ ಕೂತರೆ ಬತ್ತಿ ಹೊಸೆದಂತೆಯೇ ಆಗುತ್ತದೆ.

ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಆ ಫ್ಯಾನ್ ಹದಿನಾಲ್ಕು ತಿಂಗಳಿನಿಂದ ಸದ್ದಿಲ್ಲದೆ ಓಡುತ್ತಿದೆ. ಬದಲಿಸುವ ಮೊದಲು ಒಮ್ಮೆ ಪ್ರಯತ್ನಿಸಿ ನೋಡಬಹುದು ಎಂದು ನನಗೆ ಅನ್ನಿಸುತ್ತದೆ.


ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು

ಮೇಡಂ ಹೇಳಿದ ಎಣ್ಣೆಯ ವಿಷಯದಲ್ಲಿ ತಕರಾರಿಲ್ಲ. ಆದರೆ ನಾನು ಗಿರಾಕಿಗಳಿಗೆ ಎಣ್ಣೆ ಬಿಟ್ಟುಕೊಡುವುದನ್ನು ನಿಲ್ಲಿಸಿದ್ದೇನೆ. ಕೆಲವು ಹದಿನಾಲ್ಕು ತಿಂಗಳು ಓಡುತ್ತವೆ, ಕೆಲವು ಹದಿನಾಲ್ಕು ದಿನಕ್ಕೆ ವಾಪಸ್ ಬರುತ್ತವೆ. 80 ಮಿಲಿಮೀಟರಿನ ಹೊಸ ಫ್ಯಾನ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎಣ್ಣೆ ಬಿಡುವುದಕ್ಕೂ ಹೊಸದು ಕೂರಿಸುವುದಕ್ಕೂ ಬಿಚ್ಚುವ ಸ್ಕ್ರೂಗಳು ಅವೇ ನಾಲ್ಕು.

ಗುರುಗಳೇ, ಆ ಕಂಬಳಿಯ ಪದರ ಉಳಿದ ಕಾರಣ ಇಷ್ಟೆ. ಪ್ರೊಸೆಸರ್ ಫ್ಯಾನ್ ಮೇಲಿನಿಂದ ಕೆಳಗೆ, ಹೀಟ್ ಸಿಂಕಿನ ಒಳಕ್ಕೆ ಊದುತ್ತದೆ. ಧೂಳು ಫ್ಯಾನಿನ ಅಡಿಯಲ್ಲಿ, ಪಟ್ಟಿಗಳ ನೆತ್ತಿಯ ಮೇಲೆ ಕಟ್ಟುತ್ತದೆ. ಫ್ಯಾನ್ ಬಿಚ್ಚದೆ ಮೇಲಿನಿಂದ ಗಾಳಿ ಹೊಡೆದರೆ ಸುತ್ತಲಿನ ಧೂಳು ಹಾರುತ್ತದೆ, ಆ ಪದರ ಮಾತ್ರ ಇನ್ನಷ್ಟು ಒತ್ತಿಕೊಂಡು ಕೂರುತ್ತದೆ. ನಿಮ್ಮ 71 ಡಿಗ್ರಿಗೆ ಅದೇ ಕಾರಣ, ಅದರ ಜೊತೆಗೆ ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ, ಈಗ ಒಣಗಿದ ಪೇಸ್ಟ್.


ಉತ್ತರ 3: ಕಲಬುರಗಿಯ ತಾಂತ್ರಿಕ ತರಬೇತಿ ಬೋಧಕ

ಮೇಲಿನ ಇಬ್ಬರ ಮಾತೂ ತಮ್ಮ ತಮ್ಮ ಸಂದರ್ಭದಲ್ಲಿ ಸರಿಯಾಗಿವೆ. ನಿರ್ಧಾರ ಮಾಡಬೇಕಾದುದು ಬೇರಿಂಗಿನ ಜಾತಿ ಮತ್ತು ಸವಕಳಿ ನೋಡಿ. ಅಗ್ಗದ ಕ್ಯಾಬಿನೆಟ್ ಫ್ಯಾನ್‌ಗಳಲ್ಲಿ ಹೆಚ್ಚಾಗಿ ಇರುವುದು ಸ್ಲೀವ್ ಬೇರಿಂಗ್. ಉಕ್ಕಿನ ಶಾಫ್ಟ್ ಒಂದು ಸಣ್ಣ ಲೋಹದ ಕೊಳವೆಯೊಳಗೆ ತಿರುಗುತ್ತದೆ, ಆ ಕೊಳವೆಯ ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹೀರಿಕೊಂಡಿರುತ್ತದೆ. ಬಿಸಿಗೆ ಆ ಎಣ್ಣೆ ವರ್ಷಗಳಲ್ಲಿ ಆವಿಯಾಗುತ್ತ ಹೋಗುತ್ತದೆ. ಎಣ್ಣೆ ಮಾತ್ರ ಆರಿದ್ದು ಕೊಳವೆ ಇನ್ನೂ ಸವೆದಿಲ್ಲದಿದ್ದರೆ ಎರಡು ಹನಿ ಅದನ್ನು ಬದುಕಿಸಬಲ್ಲದು. ಎಣ್ಣೆಯಿಲ್ಲದೆ ಬಹುಕಾಲ ಓಡಿ ಕೊಳವೆ ಅಗಲವಾಗಿದ್ದರೆ ಎಷ್ಟು ಎಣ್ಣೆ ಬಿಟ್ಟರೂ ಶಾಫ್ಟ್ ಒಳಗೆ ಹೊಡೆದಾಡುತ್ತಲೇ ಇರುತ್ತದೆ. ಬೀದರಿನವರ ಹದಿನಾಲ್ಕು ದಿನಕ್ಕೂ ಯಾದಗಿರಿಯವರ ಹದಿನಾಲ್ಕು ತಿಂಗಳಿಗೂ ಇರುವ ವ್ಯತ್ಯಾಸ ಇದೇ ಇರಬೇಕು. ಬಾಲ್ ಬೇರಿಂಗಿನ ಫ್ಯಾನ್ ಆಗಿದ್ದು ಗುಂಡುಗಳು ಗೀರಿಹೋಗಿ ಗೊರಗೊರ ಎನ್ನುತ್ತಿದ್ದರೆ ಅದಕ್ಕೆ ಬದಲಿಸುವುದೇ ಪರಿಹಾರ. ನಿಮ್ಮದು ಅರ್ಧ ಸುತ್ತಿಗೆ ನಿಂತರೂ ಲಟಲಟ ಎನ್ನುವುದಿಲ್ಲವಾದ್ದರಿಂದ ಎಣ್ಣೆ ಬಿಟ್ಟು ನೋಡಲು ಯೋಗ್ಯವಾಗಿದೆ. ಹೊಸ ಫ್ಯಾನ್ ಒಂದನ್ನು ತಂದು ಪಕ್ಕದಲ್ಲಿ ಇಟ್ಟುಕೊಂಡೇ ಮಾಡಿರಿ.

ಫ್ಯಾನ್ ಹೊರತೆಗೆದ ಮೇಲೆ ನಡುವೆ ಅಂಟಿಸಿದ ಗುಂಡನೆಯ ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಅರ್ಧ ಎಬ್ಬಿಸಿರಿ, ಹರಿಯಬಾರದು. ಅದರಡಿ ಕೆಲವು ಫ್ಯಾನ್‌ಗಳಲ್ಲಿ ರಬ್ಬರ್ ಬಿರಡೆ ಇರುತ್ತದೆ, ಅದನ್ನು ತೆಗೆದರೆ ಶಾಫ್ಟಿನ ತುದಿ ಕಾಣುತ್ತದೆ. ಹಳೆಯ ಕರಿ ಜಿಡ್ಡನ್ನು ಬಟ್ಟೆಯ ಚುಂಗಿನಿಂದ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ರೆಕ್ಕೆಯನ್ನು ಕೈಯಿಂದ ಹಲವು ಸಲ ತಿರುಗಿಸಿ, ಇನ್ನೊಂದು ಹನಿ ಬಿಡಿರಿ. ಸ್ಟಿಕ್ಕರ್ ಅಂಟಿಸುವ ಜಾಗಕ್ಕೆ ಎಣ್ಣೆ ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸದೆ ಅದು ಮತ್ತೆ ಹಿಡಿಯುವುದಿಲ್ಲ. ಸ್ಟಿಕ್ಕರ್ ಇಲ್ಲದೆ ಓಡಿಸಿದರೆ ಶಹಾಬಾದಿನ ಕಲ್ಲುಪುಡಿ ನೇರವಾಗಿ ಬೇರಿಂಗಿಗೆ ಇಳಿಯುತ್ತದೆ, ಎಣ್ಣೆಯೊಂದಿಗೆ ಬೆರೆತ ಕಲ್ಲುಪುಡಿ ಸಾಣೆ ಹಿಡಿದಂತೆ ಲೋಹವನ್ನು ತಿನ್ನುತ್ತದೆ. ನಿಮ್ಮ ಊರಿನಲ್ಲಿ ಇದು ಉಳಿದ ಎಲ್ಲ ಕಡೆಗಳಿಗಿಂತ ಹೆಚ್ಚು ಮುಖ್ಯ.

ಹೊಸದನ್ನೇ ಹಾಕುವುದಾದರೆ ಗಾಳಿಯ ದಿಕ್ಕನ್ನು ನೋಡಿಕೊಳ್ಳಿರಿ. ಸ್ಟಿಕ್ಕರೂ ನಾಲ್ಕು ತೋಳುಗಳೂ ಇರುವ ಬದಿಗೆ ಗಾಳಿ ಹೊರಡುತ್ತದೆ, ಹಿಂಬದಿಯ ಫ್ಯಾನಿನಲ್ಲಿ ಆ ಬದಿ ಹೊರಮುಖವಾಗಿರಬೇಕು. ಕೂರಿಸುವಾಗ ಸ್ಕ್ರೂಗಳ ಅಡಿಗೆ ತೆಳುವಾದ ರಬ್ಬರ್ ವಾಷರ್ ಕೊಟ್ಟರೆ ತಗಡಿಗೆ ಅದುರು ದಾಟುವುದು ತಗ್ಗುತ್ತದೆ.

ಇನ್ನು ಪ್ರೊಸೆಸರ್ ಕಡೆಗೆ ಬರೋಣ, ಎಚ್ಚರ ಬೇಕಾದುದು ಇಲ್ಲಿಯೇ. ನಿಮ್ಮ ಪ್ರೊಸೆಸರ್ ಎಲ್‌ಜಿಎ 775 ಸಾಕೆಟ್ಟಿನದು (ಸಾಕೆಟ್ ಎಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಅದರೊಂದಿಗೆ ಬರುವ ಫ್ಯಾನಿನ ಚೌಕಟ್ಟಿಗೇ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ, ಆದ್ದರಿಂದ ಫ್ಯಾನ್ ತೆಗೆಯಬೇಕೆಂದರೆ ಹೀಟ್ ಸಿಂಕನ್ನೂ ಎತ್ತಬೇಕಾಗುತ್ತದೆ. ಹೀಟ್ ಸಿಂಕ್ ಎತ್ತಿದ ಮೇಲೆ ಹಳೆಯ ಪೇಸ್ಟಿನ ಮೇಲೆಯೇ ಮತ್ತೆ ಕೂರಿಸಬಾರದು. ಹೊಸ ಪೇಸ್ಟಿನ ಒಂದು ಟ್ಯೂಬ್ ಕೈಯಲ್ಲಿದ್ದರೆ ಮಾತ್ರ ಕೆಲಸಕ್ಕೆ ಇಳಿಯಿರಿ.

ಯಂತ್ರವನ್ನು ಹತ್ತು ನಿಮಿಷ ಓಡಿಸಿ ಆರಿಸಿರಿ, ಬಿಸಿಗೆ ಹಳೆಯ ಪೇಸ್ಟ್ ಮೆತ್ತಗಾಗುತ್ತದೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಬಿಡಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಒಮ್ಮೆ ಮುಟ್ಟಿದರೆ ಮೈಯ ಸ್ಥಾಯಿ ವಿದ್ಯುತ್ತು ಇಳಿಯುತ್ತದೆ, ಒಣ ಹವೆಯ ನಮ್ಮ ಜಿಲ್ಲೆಗಳಲ್ಲಿ ಇದನ್ನು ಮರೆಯಬಾರದು. ಫ್ಯಾನಿನ ಕನೆಕ್ಟರ್ ಕಳಚಿ, ನಾಲ್ಕು ಕಾಲುಗಳ ತಲೆಯನ್ನು ಅವುಗಳ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯಿರಿ. ಹದಿನೈದು ವರ್ಷದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ, ಅವಸರ ಬೇಡ. ಹೀಟ್ ಸಿಂಕನ್ನು ನೇರವಾಗಿ ಕೀಳದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ ಎತ್ತಿರಿ. ನಿಮ್ಮ ಸಾಕೆಟ್ಟಿನಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಒತ್ತಿ ಹಿಡಿದಿರುವುದರಿಂದ ಅದು ಜೊತೆಗೆ ಎದ್ದು ಬರುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರ ಬಳಿ ಎಎಂಡಿಯ ಎಎಂ2 ಅಥವಾ ಎಎಂ3 ಸಾಕೆಟ್ಟಿನ ಯಂತ್ರ ಇದ್ದರೆ ಅವರು ಇನ್ನೂ ನಿಧಾನವಾಗಿರಬೇಕು, ಅಲ್ಲಿ ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ದರೆ ಪ್ರೊಸೆಸರ್ ಹೀಟ್ ಸಿಂಕಿಗೆ ಅಂಟಿಕೊಂಡೇ ಬಂದು ಪಿನ್ನುಗಳು ಬಾಗುತ್ತವೆ.

ಕಂಬಳಿಯ ಪದರವನ್ನು ಕೈಯಿಂದ ಎತ್ತಿ ತೆಗೆದು, ಉಳಿದುದನ್ನು ಒಣಗಿದ ಪೇಂಟ್ ಬ್ರಷ್‌ನಿಂದ ಕೆಡವಿರಿ. ಬ್ಲೋವರ್ ಬಳಸುವುದಾದರೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ತಡೆಹಿಡಿದು ಊದಿರಿ. ಬಿಟ್ಟರೆ ಫ್ಯಾನ್ ತನ್ನ ಮಿತಿ ಮೀರಿದ ವೇಗದಲ್ಲಿ ತಿರುಗಿ ಬೇರಿಂಗೇ ಹಾಳಾಗುತ್ತದೆ. ಪ್ರೊಸೆಸರ್ ಮತ್ತು ಹೀಟ್ ಸಿಂಕಿನ ಮೇಲಿನ ಹಳೆಯ ಪೇಸ್ಟನ್ನು ಆಲ್ಕೋಹಾಲಿನಿಂದ ಕನ್ನಡಿಯಂತೆ ಒರೆಸಿ, ನಡುವೆ ಒಂದು ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡಿರಿ. ಕೂರಿಸಿದಾಗ ಒತ್ತಡಕ್ಕೆ ತಾನಾಗಿಯೇ ಹರಡಿಕೊಳ್ಳುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ಇಲ್ಲ, ಅದು ಎರಡು ಲೋಹಗಳ ನಡುವಿನ ಸೂಕ್ಷ್ಮ ಸಂದಿಗಳನ್ನು ತುಂಬುವಷ್ಟು ಇದ್ದರೆ ಸಾಕು.

ಮತ್ತೆ ಕೂರಿಸುವಾಗ ಕಾಲುಗಳ ತಲೆಯನ್ನು ಮೊದಲಿನ ಸ್ಥಿತಿಗೆ ತಿರುಗಿಸಿಕೊಂಡು, ಎದುರುಬದುರಿನ ಮೂಲೆಗಳ ಜೋಡಿಯಂತೆ ಒತ್ತಿರಿ, ಟಕ್ ಎಂಬ ಸದ್ದು ನಾಲ್ಕು ಸಲ ಕೇಳಬೇಕು. ಒಂದು ಕಾಲು ಸರಿಯಾಗಿ ಇಳಿಯದಿದ್ದರೂ ಹೀಟ್ ಸಿಂಕ್ ಓರೆಯಾಗಿ ನಿಂತು ಉಷ್ಣತೆ ಮೊದಲಿಗಿಂತ ಹೆಚ್ಚಾಗುತ್ತದೆ. ಫ್ಯಾನಿನ ವೈರ್ ರೆಕ್ಕೆಗೆ ತಾಗದಂತೆ ಬದಿಗೆ ಕಟ್ಟಿರಿ. ಕಾಲು ಮುರಿದುಹೋಗಿ ಹೊಸ ಕೂಲರ್ (ಹೀಟ್ ಸಿಂಕ್ ಮತ್ತು ಫ್ಯಾನಿನ ಜೋಡಿ) ಕೊಳ್ಳಬೇಕಾಗಿ ಬಂದರೆ 775ರದ್ದನ್ನೇ ಕೇಳಿರಿ. ಅದರ ರಂಧ್ರಗಳ ಅಂತರ 72 ಮಿಲಿಮೀಟರ್, ಅದರ ನಂತರ ಬಂದ 1155, 1150, 1151 ಸಾಕೆಟ್ಟುಗಳದು 75 ಮಿಲಿಮೀಟರ್. ನೋಡಲು ಒಂದೇ ತೆರನಾಗಿದ್ದರೂ ಆ ಕೂಲರ್ ನಿಮ್ಮ ಬೋರ್ಡಿಗೆ ಕೂರುವುದಿಲ್ಲ.

ಎಸ್‌ಎಂಪಿಎಸ್ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲವಾದ್ದರಿಂದ ನಾನು ಹೇಳಲೇಬೇಕು. ಆ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿರಿ. 230 ವೋಲ್ಟಿನ ವಿದ್ಯುತ್ತು ಅದರೊಳಗೆ ಸುಮಾರು 325 ವೋಲ್ಟಿನ ಡಿಸಿ ಆಗಿ ಕೆಪ್ಯಾಸಿಟರ್‌ಗಳಲ್ಲಿ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಅಲ್ಲಿ ಉಳಿದಿರಬಹುದು. ಹೊರಗಿನ ಜಾಲರಿಯನ್ನು ಬ್ರಷ್‌ನಿಂದ ಗುಡಿಸುವುದಕ್ಕಿಂತ ಮುಂದೆ ಹೋಗಬೇಡಿರಿ. ಅದರ ಫ್ಯಾನೇ ಕೆಟ್ಟಿದ್ದರೆ ಇಡೀ ಎಸ್‌ಎಂಪಿಎಸ್ ಬದಲಿಸಿರಿ, ಇಲ್ಲವೇ ತಿಳಿದವರ ಕೈಗೆ ಕೊಡಿರಿ. ವಿದ್ಯಾರ್ಥಿಗಳಿಗೆ ನಾನು ಪಾಠ ಮಾಡುವಾಗಲೂ ಈ ಒಂದು ಡಬ್ಬಿಯನ್ನು ಮೊದಲ ತಿಂಗಳುಗಳಲ್ಲಿ ಮುಟ್ಟಲು ಬಿಡುವುದಿಲ್ಲ.


ಯಾದಗಿರಿಯಲ್ಲಿ ಡಿಟಿಪಿ ಅಂಗಡಿ ನಡೆಸುವವಳು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಏರ್ ಕೂಲರಿನ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬೀಳದಂತೆ ನೋಡಿಕೊಳ್ಳಿರಿ ಸರ್. ತೇವದ ಗಾಳಿಗೆ ಒಳಗಿನ ಧೂಳು ಕೆಸರಿನಂತೆ ಹಿಡಿದುಕೊಂಡು ಆಮೇಲೆ ಬ್ರಷ್‌ಗೂ ಬರುವುದಿಲ್ಲ. ಯಂತ್ರವನ್ನು ನೆಲದ ಮೇಲಿಂದ ಒಂದು ಮಣೆಯ ಎತ್ತರಕ್ಕಾದರೂ ಏರಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿರಿ. ಹೊದಿಸುವ ಬಟ್ಟೆಯನ್ನು ಯಂತ್ರ ಓಡುವಾಗ ಪೂರ್ತಿ ತೆಗೆದಿಡಬೇಕು, ಹಿಂಬದಿಯನ್ನು ಮುಚ್ಚಿಕೊಂಡು ಇಳಿಬಿದ್ದಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.


ಶಹಾಬಾದಿನ ನಿವೃತ್ತ ಶಿಕ್ಷಕ

ಎಲ್ಲರಿಗೂ ಶರಣು ಶರಣಾರ್ಥಿ. ಕೆಲಸ ಮುಗಿದು ನಾಲ್ಕು ದಿನಗಳಾದ ಮೇಲೆ, ಫಲಿತಾಂಶ ನಿಂತಿದೆಯೇ ಎಂದು ನೋಡಿಕೊಂಡು ಬರೆಯುತ್ತಿದ್ದೇನೆ.

ಹಿಂಬದಿಯ ಫ್ಯಾನಿಗೆ ನಮ್ಮ ಮನೆಯ ಹೊಲಿಗೆ ಯಂತ್ರದ ಎಣ್ಣೆಯನ್ನೇ ಎರಡು ಹನಿ ಬಿಟ್ಟೆ. ಸ್ಟಿಕ್ಕರ್ ಅಡಿಯಲ್ಲಿ ರಬ್ಬರ್ ಬಿರಡೆ ಇತ್ತು. ಒಳಗಿದ್ದ ಎಣ್ಣೆ ಕಾಡಿಗೆಯಂತೆ ಗಟ್ಟಿಯಾಗಿತ್ತು. ಈಗ ಬೆರಳಿನಿಂದ ತಿರುಗಿಸಿದರೆ ಆರೇಳು ಸುತ್ತು ಹೊಡೆಯುತ್ತದೆ, ಬೆಳಗಿನ ಕರ್ ಎಂಬ ಸದ್ದು ಇಲ್ಲ. ಬೀದರಿನವರ ಮಾತನ್ನೂ ಮೀರಿಲ್ಲ, ಹೊಸ ಫ್ಯಾನ್ ಒಂದನ್ನು ತಂದು ಕಪಾಟಿನಲ್ಲಿ ಇಟ್ಟಿದ್ದೇನೆ.

ಹೀಟ್ ಸಿಂಕ್ ತೆಗೆಯುವಾಗ ಮೊಮ್ಮಗಳು ಬ್ಯಾಟರಿ ಹಿಡಿದು ಬೆಳಕು ಬಿಟ್ಟಳು. ಮೂರು ಕಾಲುಗಳು ಸುಲಭವಾಗಿ ಬಂದವು, ನಾಲ್ಕನೆಯದಕ್ಕೆ ಅರ್ಧ ಗಂಟೆ ಹಿಡಿಯಿತು, ಆದರೆ ಮುರಿಯಲಿಲ್ಲ. ಧೂಳಿನ ಪದರ ಒಂದೇ ತುಂಡಾಗಿ ಎದ್ದು ಬಂತು, ಒಂದು ರೂಪಾಯಿ ನಾಣ್ಯಕ್ಕಿಂತಲೂ ದಪ್ಪವಾಗಿತ್ತು. ಹಳೆಯ ಪೇಸ್ಟ್ ಸುಣ್ಣದಂತೆ ಒಣಗಿ ಉದುರುತ್ತಿತ್ತು. ಮೊದಲ ಸಲ ಕೂರಿಸಿದಾಗ ಟಕ್ ಎಂಬ ಸದ್ದು ಮೂರೇ ಸಲ ಕೇಳಿಸಿತು. ಬೋಧಕರು ಬರೆದದ್ದು ನೆನಪಿದ್ದುದರಿಂದ ಯಂತ್ರ ಹಚ್ಚದೆ ಮತ್ತೆ ತೆಗೆದು, ಒರೆಸಿ, ಹೊಸದಾಗಿ ಪೇಸ್ಟ್ ಇಟ್ಟು ಕೂರಿಸಿದೆ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಬಯಾಸ್‌ನಲ್ಲಿ ನೋಡಿದಾಗ 56 ಡಿಗ್ರಿ, 1,500 ಸುತ್ತು. ಕೋಣೆ ಮೊದಲಿನಷ್ಟೇ ಬಿಸಿಯಾಗಿತ್ತು. ಎಸ್‌ಎಂಪಿಎಸ್ ಕಡೆಯಿಂದ ಒಂದು ಸಣ್ಣ ಗುಂಯ್ ಎಂಬ ಸದ್ದು ಇದೆ, ಮೊದಲೂ ಇದ್ದಿರಬೇಕು, ಉಳಿದ ಎರಡರ ಅಡಿಯಲ್ಲಿ ಮುಚ್ಚಿಹೋಗಿತ್ತು. ಅದನ್ನು ನಾನು ಮುಟ್ಟುವುದಿಲ್ಲ, ಹೆಚ್ಚಾದರೆ ಡಬ್ಬಿಯನ್ನೇ ಬದಲಿಸುತ್ತೇನೆ.

ಒಬ್ಬ ಹಿರಿಯರ ಹಾಡಿನಲ್ಲಿ ಮೂರು ಕಡೆ ಪದ ತಿಳಿಯದೆ ಜಾಗ ಬಿಟ್ಟಿದ್ದೆ. ನಿನ್ನೆ ಸಂಜೆ ಕುಳಿತು ಕೇಳಿದಾಗ ಅವುಗಳಲ್ಲಿ ಎರಡು ಸ್ಪಷ್ಟವಾಗಿ ಕೇಳಿಸಿದವು, ಬರೆದುಕೊಂಡೆ. ಮೂರನೆಯದರಲ್ಲಿ ಅವರು ಹಾಡುತ್ತ ಉಸಿರು ಎಳೆದುಕೊಂಡಿದ್ದಾರೆ, ಅಲ್ಲಿ ಪದವೇ ಇರಲಿಲ್ಲ.